‘ನೇಟಿವ್’ ಪದದ ಹುಟ್ಟೂರು

‘ನಿಮ್ಮ ನೇಟಿವ್ ಯಾವುದು?’

ಬೆಂಗಳೂರಿನಲ್ಲಿ ಹೊಸದಾಗಿ ಪರಿಚಯವಾದ ಇಬ್ಬರ ನಡುವೆ ಎರಡನೆಯದೋ ಮೂರನೆಯದೋ ಮಾತು ಇದೇ ಆಗಿರುತ್ತದೆ. ‘ಹಬ್ಬಕ್ಕೆ ನೇಟಿವ್‌ಗೆ ಹೋಗ್ತೀರಾ?’ ಎಂದು ಮನೆಯ ಮಾಲೀಕರು ಬಾಡಿಗೆದಾರರನ್ನು ಕೇಳುತ್ತಾರೆ. ಊರು ಎಂಬ ಎರಡಕ್ಷರದ ಪದ ಕೈಯಲ್ಲೇ ಇದ್ದರೂ ನಗರದವರ ಬಾಯಿಗೆ ಮೊದಲು ಬರುವುದು ಈ ಇಂಗ್ಲಿಷ್ ಪದ. ಇಂಗ್ಲಿಷಿನಲ್ಲಿ ಇದು ಮೂಲತಃ ಗುಣವಾಚಕ. ‘ನೇಟಿವ್ ಪ್ಲೇಸ್’ ಎಂಬುದರಲ್ಲಿ ‘ಪ್ಲೇಸ್’ ಅನ್ನು ಕೈಬಿಟ್ಟು, ಉಳಿದ ಗುಣವಾಚಕಕ್ಕೇ ಊರಿನ ಅರ್ಥವನ್ನು ತುಂಬಿದವರು ನಾವು. ಲಂಡನ್ನಿನವರಿಗೆ ಈ ಪ್ರಶ್ನೆ ತಟ್ಟನೆ ಅರ್ಥವಾಗುವುದು ಕಷ್ಟ.

ಇಷ್ಟು ಅಕ್ಕರೆಯಿಂದ ನಾವು ಬಳಸುವ ಈ ಪದ ನೂರೈವತ್ತು ವರ್ಷಗಳ ಹಿಂದೆ ನಮ್ಮ ಮುತ್ತಜ್ಜಂದಿರ ಕಿವಿಗೆ ಬೇರೆಯದೇ ರೀತಿ ಕೇಳಿಸುತ್ತಿತ್ತು. ಆಗ ‘ನೇಟಿವ್’ ಎಂದರೆ ಊರಾಗಿರಲಿಲ್ಲ, ಮನುಷ್ಯನಾಗಿದ್ದ. ಕುರ್ಚಿಯಲ್ಲಿ ಕುಳಿತ ದೊರೆ ನಿಂತುಕೊಂಡಿದ್ದ ಭಾರತೀಯನನ್ನು ಕರೆಯುತ್ತಿದ್ದ ಹೆಸರು ಅದು. ಒಂದೇ ಪದ ಇಷ್ಟು ಬದಲಾದದ್ದು ಹೇಗೆ? ಅದರ ಜಾಗದಲ್ಲಿ ಬಂದ ಸಮಾನಾರ್ಥಕ ಪದಗಳ ಗತಿ ಏನಾಯಿತು? ಈ ಪ್ರಶ್ನೆಗಳು ನಿಘಂಟಿಗೆ ಮಾತ್ರ ಸೇರಿದವಲ್ಲ. ನೌಕರಿ, ನೆಲ, ನ್ಯಾಯಾಲಯ ಎಲ್ಲವೂ ಈ ಪದದ ಹಿಂದೆ ಇವೆ.

ಹುಟ್ಟಿನ ಲೆಕ್ಕ

‘ನೇಟಿವ್’ ಲ್ಯಾಟಿನ್ನಿನ ‘ನಾತಿವುಸ್’ನಿಂದ ಬಂದದ್ದು. ‘ನಾತುಸ್’ ಎಂದರೆ ಹುಟ್ಟಿದವನು. ನೇಚರ್, ನೇಷನ್, ನೇಟಲ್ ಮುಂತಾದ ಪದಗಳು ಇದೇ ಮನೆತನದವು. ಮುಗ್ಧ ಎಂಬರ್ಥದ ‘ನಯೀವ್’ ಕೂಡ ಇದರ ಫ್ರೆಂಚ್ ಸಹೋದರ. ಭಾಷಾಶಾಸ್ತ್ರಜ್ಞರು ಇನ್ನೂ ಹಿಂದಕ್ಕೆ ಹೋಗಿ ಲ್ಯಾಟಿನ್ನಿನ ‘ನಾತುಸ್’ ಮತ್ತು ಸಂಸ್ಕೃತದ ‘ಜಾತ’ ಒಂದೇ ಬೇರಿನಿಂದ ಚಿಗುರಿದವು ಎಂದು ತೋರಿಸಿದ್ದಾರೆ. ಅಂದರೆ ನಮ್ಮ ‘ಜಾತಿ’ಗೂ ಅವರ ‘ನೇಟಿವ್’ಗೂ ದೂರದ ನೆಂಟಸ್ತನವಿದೆ. ಎರಡೂ ಮನುಷ್ಯನನ್ನು ಅವನ ಹುಟ್ಟಿನಿಂದ ಗುರುತಿಸುವ ಪದಗಳು.

ಹುಟ್ಟಿನಿಂದ ಗುರುತಿಸುವುದು ಎಂದರೇನು ಎಂಬುದನ್ನು ಮಧ್ಯಯುಗದ ಇಂಗ್ಲೆಂಡ್ ಚೆನ್ನಾಗಿ ಬಲ್ಲದ್ದಾಗಿತ್ತು. ಅಲ್ಲಿನ ಕಾನೂನಿನ ಲ್ಯಾಟಿನ್‌ನಲ್ಲಿ ‘ನಾತಿವುಸ್’ ಎಂದರೆ ಹುಟ್ಟಿನಿಂದಲೇ ಜಮೀನ್ದಾರನಿಗೆ ಕಟ್ಟುಬಿದ್ದ ಜೀತದ ಒಕ್ಕಲು. ಅವನು ಧಣಿಯ ಜಮೀನು ಬಿಟ್ಟು ಓಡಿಹೋದರೆ ಹಿಡಿದು ತರಿಸಲು ಪ್ರತ್ಯೇಕ ರಿಟ್ ಇತ್ತು. ಆಂಗ್ಲರು ನಮ್ಮನ್ನು ನೇಟಿವ್ ಎನ್ನುವುದಕ್ಕೆ ಎಷ್ಟೋ ಶತಮಾನ ಮೊದಲೇ ತಮ್ಮವರನ್ನೇ ಹಾಗೆ ಕರೆದಿದ್ದರು.

ಇದರ ಸಮಾನಾರ್ಥಕಗಳಲ್ಲಿ ಒಂದಾದ ‘ವರ್ನಾಕ್ಯುಲರ್’ನ ಕಥೆಯೂ ಇದನ್ನೇ ಹೋಲುತ್ತದೆ. ಲ್ಯಾಟಿನ್‌ನಲ್ಲಿ ‘ವೆರ್ನಾ’ ಎಂದರೆ ಯಜಮಾನನ ಮನೆಯಲ್ಲೇ ಹುಟ್ಟಿದ ಗುಲಾಮ. ಸಂತೆಯಲ್ಲಿ ಕೊಂಡು ತಂದವನು ಬೇರೆ, ಮನೆಯಲ್ಲಿ ಹುಟ್ಟಿದವನು ಬೇರೆ. ಅದರಿಂದ ಬಂದ ‘ವೆರ್ನಾಕುಲುಸ್’ಗೆ ‘ಮನೆಯಲ್ಲೇ ಹುಟ್ಟಿದ, ಆ ನೆಲದ್ದೇ ಆದ’ ಎಂಬ ಅರ್ಥ ಬಂತು. ಕನ್ನಡ, ತಮಿಳು, ಬಂಗಾಳಿಗಳನ್ನು ಬ್ರಿಟಿಷ್ ಸರ್ಕಾರ ವರ್ನಾಕ್ಯುಲರ್ ಭಾಷೆಗಳು ಎಂದು ಕರೆದಾಗ ಆ ಗುಲಾಮನ ನೆನಪು ಯಾರಿಗೂ ಇದ್ದಿರಲಾರದು. ಆದರೂ ಆ ಪದದಲ್ಲಿ ಯಜಮಾನನ ಭಾಷೆ ಒಂದು, ಮನೆಯಾಳಿನ ಭಾಷೆ ಇನ್ನೊಂದು ಎಂಬ ಅಂತರ ಉಳಿದೇ ಇತ್ತು. ಮುಂಬೈ ಕರ್ನಾಟಕದಲ್ಲಿ ಈ ‘ವರ್ನಾಕ್ಯುಲರ್ ಫೈನಲ್’ ಪರೀಕ್ಷೆಗೆ ಜನ ಇಟ್ಟ ಹೆಸರು ಮುಲ್ಕಿ ಪರೀಕ್ಷೆ. ಮುಲ್ಕ್ ಎಂದರೆ ನಾಡು. ಮುಲ್ಕಿ ಎಂದರೆ ನಾಡಿನದು. ಆಡುಮಾತಿನ ಈ ಅನುವಾದದಲ್ಲಿ ಗುಲಾಮ ಮಾಯವಾಗಿ ನಾಡು ಬಂದು ಕೂತಿತು!

ಗುಣವಾಚಕ ನಾಮಪದವಾದಾಗ

ಇಂಗ್ಲಿಷಿನ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ‘ನೇಟಿವ್ ಲ್ಯಾಂಗ್ವೇಜ್’ ಎಂದರೆ ಯಾರಿಗೂ ಬೇಸರವಿಲ್ಲ. ‘ನೇಟಿವ್ ಆಫ್ ಯಾರ್ಕ್‌ಷೈರ್’ ಎಂದು ಹೇಳಿಕೊಳ್ಳುವ ಇಂಗ್ಲಿಷಿನವನಿಗೆ ಹೆಮ್ಮೆಯೇ. ಆದರೆ ಬೇರೆ ಯಾವ ಪದದ ಆಸರೆಯೂ ಇಲ್ಲದೆ, ಬೇರೊಂದು ಜನಾಂಗದವನತ್ತ ಬೆರಳು ತೋರಿಸಿ ‘ಎ ನೇಟಿವ್’ ಎಂದರೆ ಅದು ತಾತ್ಸಾರ. ಎಲ್ಲಿಯ ನೇಟಿವ್ ಎಂದು ಹೇಳಿದರೆ ಮರ್ಯಾದೆ, ಹೇಳದೇ ಬಿಟ್ಟರೆ ಅವಮಾನ. ವಸಾಹತು ಆಡಳಿತ ಮಾಡಿದ್ದು ಇಷ್ಟೇ: ಗುಣವಾಚಕವಾಗಿದ್ದ ಪದವನ್ನು ಒಂದು ವರ್ಗದ ಹೆಸರನ್ನಾಗಿ ಮಾಡಿತು.

ಕಾರ್ನ್‌ವಾಲಿಸನ ಕಾಲದಿಂದ ವರ್ಷಕ್ಕೆ 500 ಪೌಂಡಿಗಿಂತ ಹೆಚ್ಚು ಸಂಬಳದ ಹುದ್ದೆಗಳು ಭಾರತೀಯರಿಗೆ ಮುಚ್ಚಿಹೋಗಿದ್ದವು. 1833ರ ಚಾರ್ಟರ್ ಕಾಯ್ದೆಯ 87ನೇ ಕಲಮು ಈ ಪ್ರದೇಶಗಳ ಯಾವ ‘ನೇಟಿವ್’ನನ್ನೂ ಧರ್ಮ, ಹುಟ್ಟಿದ ಸ್ಥಳ, ವಂಶ ಅಥವಾ ಬಣ್ಣದ ಕಾರಣ ಒಂದರಿಂದಲೇ ಹುದ್ದೆಗೆ ಅನರ್ಹಗೊಳಿಸಬಾರದು ಎಂದು ಹೇಳಿತು. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಓದಲಾದ ವಿಕ್ಟೋರಿಯಾ ರಾಣಿಯ ಘೋಷಣೆಯೂ ಭಾರತದ ‘ನೇಟಿವ್’ರಿಗೆ ಸಮಾನ ಕರ್ತವ್ಯದ ಭರವಸೆ ಕೊಟ್ಟಿತು. ಹಕ್ಕು ಕೊಡುವ ಕಾಗದದಲ್ಲೂ ಹೆಸರು ಅದೇ. ಕಾಗದದ ಭರವಸೆ ಆಚರಣೆಗೆ ಬರಲಿಲ್ಲ ಎಂಬುದು ಗೊತ್ತಿರುವ ಸಂಗತಿ. ಸಿವಿಲ್ ಸರ್ವಿಸ್ ಪರೀಕ್ಷೆ ಬರೆಯಲು ಸಮುದ್ರ ದಾಟಿ ಲಂಡನ್ನಿಗೇ ಹೋಗಬೇಕಿತ್ತು.

ಹುದ್ದೆ ಕೊಡುವ ಪ್ರಶ್ನೆ ಬಂದ ಕೂಡಲೇ ನೇಟಿವ್ ಎಂದರೆ ಯಾರು ಎಂಬ ಪ್ರಶ್ನೆಯೂ ಬರಲೇಬೇಕು. 1870ರ ಕಾಯ್ದೆ ಅದಕ್ಕೆ ಉತ್ತರ ಕೊಟ್ಟಿತು. ಲಂಡನ್ ಪರೀಕ್ಷೆಯಿಲ್ಲದೆ ಕೆಲವು ಭಾರತೀಯರನ್ನು ಹಿರಿಯ ಹುದ್ದೆಗಳಿಗೆ ನೇಮಿಸಲು ಅವಕಾಶ ಕೊಟ್ಟ ಈ ಕಾಯ್ದೆಯ ಪ್ರಕಾರ, ಭಾರತದಲ್ಲಿ ಹುಟ್ಟಿ ಇಲ್ಲೇ ನೆಲೆಸಿದ, ತಾತ್ಕಾಲಿಕ ಉದ್ದೇಶಕ್ಕಲ್ಲದೆ ರೂಢಿಯಾಗಿ ಇಲ್ಲೇ ವಾಸಿಸುವ ತಂದೆತಾಯಿಯ ಮಕ್ಕಳೆಲ್ಲ ‘ಭಾರತದ ನೇಟಿವ್’ಗಳು. ಬಣ್ಣದ ಮಾತು ಇದರಲ್ಲಿ ಇಲ್ಲ. ಹಾಗಾಗಿ ಇಲ್ಲೇ ಬೇರೂರಿದ್ದ ಆಂಗ್ಲೋ ಇಂಡಿಯನ್ನರೂ ಕಾನೂನಿನ ಕಣ್ಣಿನಲ್ಲಿ ನೇಟಿವ್ ಆದರು. ಕ್ಲಬ್ಬಿನ ಬಾಗಿಲಲ್ಲಿ ಒಂದು ಅರ್ಥ, ಕಾಯ್ದೆ ಪುಸ್ತಕದಲ್ಲಿ ಇನ್ನೊಂದು ಅರ್ಥ.

ಈ ಎರಡು ಅರ್ಥಗಳ ನಡುವಿನ ಬಿರುಕು ಬಹಿರಂಗವಾದದ್ದು 1883ರಲ್ಲಿ. ಜಿಲ್ಲೆಗಳಲ್ಲಿ ಭಾರತೀಯ ಮ್ಯಾಜಿಸ್ಟ್ರೇಟರೂ ಯೂರೋಪಿಯನ್ ಆರೋಪಿಗಳ ವಿಚಾರಣೆ ನಡೆಸಬಹುದು ಎಂಬ ಇಲ್ಬರ್ಟ್ ಮಸೂದೆ ಬಂದಾಗ ಇಲ್ಲಿದ್ದ ಆಂಗ್ಲ ಸಮುದಾಯ ರೊಚ್ಚಿಗೆದ್ದಿತು. ಒಂದೇ ಪರೀಕ್ಷೆ ಪಾಸಾಗಿ ಒಂದೇ ಪೀಠದಲ್ಲಿ ಕುಳಿತವನಾದರೂ ಅವನು ‘ನೇಟಿವ್’ ತಾನೇ ಎಂಬುದು ಅವರ ವಾದ. 1884ರಲ್ಲಿ ಮಸೂದೆ ಕಾಯ್ದೆಯಾದಾಗ, ಕನಿಷ್ಠ ಅರ್ಧದಷ್ಟು ಯೂರೋಪಿಯನ್ನರೋ ಅಮೆರಿಕನ್ನರೋ ಇರುವ ಜ್ಯೂರಿಯನ್ನು ಕೇಳುವ ಹಕ್ಕನ್ನು ಆರೋಪಿಗೆ ಕೊಟ್ಟು ರಾಜಿ ಮಾಡಲಾಯಿತು.

ವರ್ನಾಕ್ಯುಲರ್ ಪದಕ್ಕೂ ಕಾಯ್ದೆಯ ಬಲ ಬಂದದ್ದು ಇದೇ ಅವಧಿಯಲ್ಲಿ. 1878ರಲ್ಲಿ ಲಾರ್ಡ್ ಲಿಟ್ಟನ್ ತಂದ ವರ್ನಾಕ್ಯುಲರ್ ಪ್ರೆಸ್ ಕಾಯ್ದೆ ದೇಶಭಾಷೆಗಳ ಪತ್ರಿಕೆಗಳ ಬಾಯಿಗೆ ಬೀಗ ಹಾಕಲು ಹೊರಟಿತು. ಮುದ್ರಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವ, ಠೇವಣಿ ಕಟ್ಟಿಸಿಕೊಳ್ಳುವ, ಯಂತ್ರವನ್ನೇ ಜಪ್ತಿ ಮಾಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಇಂಗ್ಲಿಷ್ ಪತ್ರಿಕೆಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಬಂಗಾಳಿ ಮತ್ತು ಇಂಗ್ಲಿಷ್ ಎರಡರಲ್ಲೂ ಬರುತ್ತಿದ್ದ ‘ಅಮೃತ ಬಜಾರ್ ಪತ್ರಿಕಾ’ ಕೂಡಲೇ ಪೂರ್ತಿ ಇಂಗ್ಲಿಷ್ ಪತ್ರಿಕೆಯಾಗಿ ಕಾಯ್ದೆಯ ಕೈಯಿಂದ ಜಾರಿಕೊಂಡಿತು. ಬರೆದವರು ಅವರೇ, ಟೀಕೆಯೂ ಅದೇ. ಅಪರಾಧವಾಗಿದ್ದುದು ಭಾಷೆ ಮಾತ್ರ. ರಿಪ್ಪನ್ ಕಾಲದಲ್ಲಿ, 1882ರಲ್ಲಿ ಈ ಕಾಯ್ದೆ ರದ್ದಾಯಿತು.

ಹೆಸರು ಕಳಚಿದ ಬಗೆ

ಪದವೊಂದು ನೋಯಿಸುತ್ತದೆ ಎಂದು ಗೊತ್ತಾದ ಮೇಲೆ ಅಧಿಕಾರಸ್ಥರೂ ಅದನ್ನು ಮೆಲ್ಲಗೆ ಹಿಂದೆ ಸರಿಸುತ್ತಾರೆ. ಬೆಂಗಾಲ್ ನೇಟಿವ್ ಇನ್‌ಫೆಂಟ್ರಿಯಂತಹ ಪಡೆಗಳ ಹೆಸರಿನಿಂದ 1885ರಲ್ಲಿ ‘ನೇಟಿವ್’ ಬಿದ್ದುಹೋಯಿತು. ಅದೇ ವರ್ಷ ಮುಂಬೈಯಲ್ಲಿ ಸೇರಿದ ಕಾಂಗ್ರೆಸ್ ತನ್ನ ಹೆಸರಿನಲ್ಲಿ ಇಟ್ಟುಕೊಂಡದ್ದು ‘ಇಂಡಿಯನ್’ ಮತ್ತು ‘ನ್ಯಾಷನಲ್’ ಎಂಬ ಎರಡು ಗುಣವಾಚಕಗಳನ್ನು. ಮೈಸೂರು, ಹೈದರಾಬಾದುಗಳಂತಹ ‘ನೇಟಿವ್ ಸ್ಟೇಟ್’ಗಳು 1935ರ ಭಾರತ ಸರ್ಕಾರ ಕಾಯ್ದೆಯ ಹೊತ್ತಿಗೆ ‘ಇಂಡಿಯನ್ ಸ್ಟೇಟ್’ಗಳಾಗಿದ್ದವು. ಕನ್ನಡಿಗರು ಮಾತ್ರ ಮೊದಲಿನಿಂದಲೂ ಅವನ್ನು ‘ದೇಶೀ ಸಂಸ್ಥಾನ’ಗಳು ಎಂದೇ ಕರೆದರು.

ದಕ್ಷಿಣ ಆಫ್ರಿಕದಲ್ಲಿ ಇದೇ ಪದ ಇನ್ನೂ ಕ್ರೂರವಾಗಿ ಕೆಲಸ ಮಾಡಿತು. 1913ರ ನೇಟಿವ್ಸ್ ಲ್ಯಾಂಡ್ ಕಾಯ್ದೆ ಜನಸಂಖ್ಯೆಯ ಮೂರನೇ ಎರಡರಷ್ಟಿದ್ದ ಆಫ್ರಿಕನ್ನರಿಗೆ ದೇಶದ ಸುಮಾರು ಶೇ. 7ರಷ್ಟು ನೆಲವನ್ನು ಗೊತ್ತುಮಾಡಿ, ಅದರಾಚೆ ಭೂಮಿ ಕೊಳ್ಳದಂತೆ ತಡೆಯಿತು. 1936ರಲ್ಲಿ ಆ ಪಾಲನ್ನು ಸುಮಾರು ಶೇ. 13ಕ್ಕೆ ಏರಿಸಿದರು. ಆ ನೆಲದಲ್ಲಿ ಹುಟ್ಟಿದವನು ಎಂಬರ್ಥದ ಪದವೇ ಆ ನೆಲವನ್ನು ಕಸಿಯುವ ಕಾಯ್ದೆಗೆ ಹೆಸರಾಯಿತು. 1912ರಲ್ಲಿ ‘ಸೌತ್ ಆಫ್ರಿಕನ್ ನೇಟಿವ್ ನ್ಯಾಷನಲ್ ಕಾಂಗ್ರೆಸ್’ ಎಂದು ಹುಟ್ಟಿದ ಸಂಘಟನೆ 1923ರಲ್ಲಿ ‘ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್’ ಆಯಿತು. ನೆಲ್ಸನ್ ಮಂಡೇಲಾ ಅವರ ಪಕ್ಷ ಇದೇ.

ಅಮೆರಿಕದಲ್ಲಿ ಪದದ ಓಟ ತದ್ವಿರುದ್ಧ. 1840ರ ದಶಕದಲ್ಲಿ ಅಲ್ಲಿ ‘ನೇಟಿವ್ ಅಮೆರಿಕನ್ ಪಾರ್ಟಿ’ ಎಂಬುದೊಂದಿತ್ತು. ಅದು ರೆಡ್ ಇಂಡಿಯನ್ನರ ಪಕ್ಷ ಎಂದುಕೊಂಡರೆ ತಪ್ಪಾದೀತು! ಅಮೆರಿಕದಲ್ಲಿ ಹುಟ್ಟಿದ ಬಿಳಿಯ ಪ್ರಾಟೆಸ್ಟೆಂಟರು, ಹಡಗಿನಲ್ಲಿ ಬಂದಿಳಿಯುತ್ತಿದ್ದ ಐರಿಷ್ ಕ್ಯಾಥೊಲಿಕರ ವಿರುದ್ಧ ಕಟ್ಟಿಕೊಂಡ ಪಕ್ಷ ಅದು. ತಮ್ಮ ಅಜ್ಜಂದಿರೂ ಹಡಗಿನಲ್ಲೇ ಬಂದವರು ಎಂಬುದು ಅವರಿಗೆ ಮರೆತುಹೋಗಿತ್ತು. ಆ ನೆಲದ ಮೊದಲ ಜನರಿಗೆ ‘ನೇಟಿವ್ ಅಮೆರಿಕನ್’ ಎಂಬ ಹೆಸರು ವ್ಯಾಪಕವಾಗಿ ಸಂದದ್ದು 1960ರ ದಶಕದ ನಂತರ. ಅವರಲ್ಲಿ ಹಲವರು ಅದಕ್ಕಿಂತ ತಮ್ಮ ಬುಡಕಟ್ಟಿನ ಸ್ವಂತ ಹೆಸರನ್ನೇ ಬಯಸುತ್ತಾರೆ.

ಮೂಲದವರು ಯಾರು?

ನೇಟಿವ್ ಹಳಸಿದ ಮೇಲೆ ಮುಂದೆ ಬಂದ ಪದಗಳು ಎರಡು. ಮೊದಲನೆಯದು ‘ಅಬಾರಿಜಿನಲ್’. ಲ್ಯಾಟಿನ್ನಿನ ‘ಅಬ್ ಒರಿಜಿನೆ’, ಅಂದರೆ ‘ಮೊದಲಿನಿಂದ’ ಎಂಬುದು ಇದರ ಮೂಲ. ಆಸ್ಟ್ರೇಲಿಯಾದ ಮೊದಲ ಜನರಿಗೆ ಇದೇ ಹೆಸರು ನಿಂತಿತು. ಕೆನಡಾ 1982ರ ತನ್ನ ಸಂವಿಧಾನದಲ್ಲಿ ಇದನ್ನು ಬಳಸಿತು. ಎರಡನೆಯದು ‘ಇಂಡಿಜಿನಸ್’. ಇದಕ್ಕೂ ಇಂಡಿಯಾ ಪದಕ್ಕೂ ಸಂಬಂಧವಿಲ್ಲ. ಒಳಗೆ ಎಂಬರ್ಥದ ಹಳೆಯ ಲ್ಯಾಟಿನ್ ಪದಕ್ಕೆ ಹುಟ್ಟು ಎಂಬುದನ್ನು ಸೇರಿಸಿ ಮಾಡಿದ ಪದ ಇದು. ಮತ್ತೆ ಅದೇ ಹುಟ್ಟಿನ ಮಾತು.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಇಂಡಿಜಿನಸ್ ಜನರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. 144 ದೇಶಗಳು ಪರವಾಗಿ ನಿಂತವು. ವಿರುದ್ಧ ಮತ ಹಾಕಿದ ನಾಲ್ಕು ದೇಶಗಳು ಯಾವುವು? ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಮೂಲ ಜನರ ನೆಲದ ಮೇಲೆ ಕಟ್ಟಿದ ನಾಲ್ಕು ರಾಷ್ಟ್ರಗಳು. (ಮುಂದಿನ ವರ್ಷಗಳಲ್ಲಿ ಈ ನಾಲ್ಕೂ ತಮ್ಮ ನಿಲುವನ್ನು ಬದಲಿಸಿದವು.) ಭಾರತ ಪರವಾಗಿಯೇ ಮತ ಹಾಕಿತಾದರೂ, ಸ್ವಾತಂತ್ರ್ಯ ಬಂದಾಗ ಇಲ್ಲಿದ್ದ ಜನರೆಲ್ಲರೂ ಇಂಡಿಜಿನಸ್ ಎಂಬುದು ಅದರ ನಿಲುವು. ಎಲ್ಲರೂ ಮೂಲದವರಾದರೆ ಆ ಹೆಸರಿನಲ್ಲಿ ಪ್ರತ್ಯೇಕ ಹಕ್ಕು ಕೇಳುವವರು ಯಾರೂ ಉಳಿಯುವುದಿಲ್ಲ.

ಈ ಚರ್ಚೆ ನಮ್ಮ ಸಂವಿಧಾನ ರಚನಾ ಸಭೆಯಲ್ಲೂ ನಡೆದಿತ್ತು. ಛೋಟಾ ನಾಗಪುರದಿಂದ ಬಂದಿದ್ದ ಜೈಪಾಲ್ ಸಿಂಗ್ ತಮ್ಮ ಜನರನ್ನು ‘ಆದಿವಾಸಿ’ ಎಂದೇ ಕರೆಯಬೇಕೆಂದು ಹಠ ಹಿಡಿದರು. ಅದು ಸಾಮಾನ್ಯ ಪದ, ಅದಕ್ಕೆ ನಿಖರವಾದ ಕಾನೂನಿನ ಅರ್ಥವಿಲ್ಲ. ಪಟ್ಟಿ ಮಾಡಿ ಹೇಳುವ ‘ಪರಿಶಿಷ್ಟ ಪಂಗಡ’ಕ್ಕೆ ಆ ಅರ್ಥ ಸಿಗುತ್ತದೆ ಎಂಬುದು ಡಾ. ಅಂಬೇಡ್ಕರ್ ಅವರ ಉತ್ತರ. ಒಬ್ಬರಿಗೆ ಹೆಸರಿನ ಗೌರವ ಮುಖ್ಯವಾಗಿತ್ತು, ಇನ್ನೊಬ್ಬರಿಗೆ ಹಕ್ಕಿನ ಗಟ್ಟಿತನ. ಸಂವಿಧಾನದಲ್ಲಿ ಉಳಿದದ್ದು ಎರಡನೆಯದು.

ಅದರಿಂದ ಆದ ಪ್ರಯೋಜನವನ್ನು ಉತ್ತರ ಕನ್ನಡದಲ್ಲಿ ನೋಡಬಹುದು. ಯಲ್ಲಾಪುರ, ಹಳಿಯಾಳ, ಅಂಕೋಲದ ಕಾಡಂಚಿನಲ್ಲಿ ಬದುಕುವ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರು ಅವರಲ್ಲಿ ಅನೇಕರು. ಕೊಂಕಣಿ, ಕನ್ನಡ ಅವರ ಮಾತು. ‘ಮೊದಲಿನಿಂದ’ ಎಂಬ ಅಳತೆಗೋಲು ಹಿಡಿದರೆ ಅವರು ಹೊರಗಿನವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಕಾನೂನು ಇಲ್ಲಿ ಕೇಳಿದ್ದು ಎಲ್ಲಿಂದ ಬಂದಿರಿ ಎಂದಲ್ಲ, ಹೇಗೆ ಬದುಕುತ್ತಿದ್ದೀರಿ ಎಂದು.

ನಾಟಿ, ಜವಾರಿ, ಸೀಮೆ

ಕನ್ನಡದ ಅಡುಗೆಮನೆಯಲ್ಲಿ ಈ ಪದಗಳ ಬೆಲೆ ಬೇರೆಯೇ. ಹಳೇ ಮೈಸೂರಿನ ‘ನಾಟಿ ಕೋಳಿ’, ಕರಾವಳಿಯ ‘ಊರ ಕೋಳಿ’, ಹುಬ್ಬಳ್ಳಿ ಧಾರವಾಡದ ‘ಜವಾರಿ ಕೋಳಿ’ ಮೂರೂ ಒಂದೇ. ಮೂರಕ್ಕೂ ಫಾರಂ ಕೋಳಿಗಿಂತ ದರ ಹೆಚ್ಚು. ಜವಾರಿ ಬದನೆ, ಜವಾರಿ ಸೌತೆ ಎಂದರೆ ಸಂತೆಯಲ್ಲಿ ಗಿರಾಕಿ ನಿಲ್ಲುತ್ತಾನೆ.

ಆದರೆ ಎಲ್ಲ ಕಾಲದಲ್ಲೂ ಹೀಗಿರಲಿಲ್ಲ. ಹೊರಗಿನಿಂದ ಬಂದ ಸರಕಿಗೆ ಕನ್ನಡಿಗರು ‘ಸೀಮೆ’ ಎಂಬ ಮುಂಪದ ಹಚ್ಚಿದರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆ ಹಸು, ಸೀಮೆ ಬದನೆ. ಅವುಗಳ ಎದುರು ‘ನಾಡ’ ಎಂಬುದು ಕೀಳಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕುಂಬಾರರ ನಾಡಹೆಂಚು ಬಡವರ ಮನೆಯ ಗುರುತಾಯಿತು. ಇಂಗ್ಲಿಷಿನ ‘ಕಂಟ್ರಿ’ ಇದೇ ಕೆಲಸ ಮಾಡಿದ ಸಮಾನಾರ್ಥಕ. ಕಂಟ್ರಿ ಸಾರಾಯಿ, ಕಂಟ್ರಿ ಪಿಸ್ತೂಲುಗಳು ಇಂದಿಗೂ ಪೊಲೀಸ್ ವರದಿಯಲ್ಲೇ ಕಾಣಿಸುತ್ತವೆ. 1905ರ ಬಂಗಾಳ ವಿಭಜನೆಯ ವಿರುದ್ಧದ ಚಳವಳಿ ‘ಸ್ವದೇಶಿ’ ಎಂಬ ಪದವನ್ನು ತಲೆಯೆತ್ತಿ ಹೇಳುವಂತೆ ಮಾಡಿತು. ವಸ್ತು ಅದೇ, ಒರಟು ಬಟ್ಟೆಯೂ ಅದೇ. ಅದಕ್ಕೆ ಹೆಸರಿಟ್ಟವರು ಬದಲಾದರು, ಅಷ್ಟೆ.

ಹದಿನೈದು ವರ್ಷಗಳ ಗೆರೆ

ಇನ್ನು ಉಳಿದದ್ದು ‘ಲೋಕಲ್’, ನಮ್ಮ ‘ಸ್ಥಳೀಯ’. ಮೇಲ್ನೋಟಕ್ಕೆ ಇದು ಸಾಧು ಪದ. ಇದರಲ್ಲಿ ಹುಟ್ಟಿನ ಮಾತಿಲ್ಲ, ಇರುವ ಜಾಗದ ಮಾತಷ್ಟೇ ಇದೆ. ಆದರೆ ನೌಕರಿಯ ಪ್ರಶ್ನೆ ಬಂದಾಗ ಇದೂ ಗೆರೆ ಎಳೆಯಲೇಬೇಕಾಗುತ್ತದೆ.

1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದ ಮೇಲೆ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಸೇರಿ ಹಿರಿಯ ಅಧಿಕಾರಿಗಳು ಹಲವರು ಮದರಾಸು ಪ್ರಾಂತದವರಾಗಿದ್ದರು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಎದ್ದದ್ದು ಆಗ. ಮೈಸೂರಿನವರಲ್ಲೂ ಹುದ್ದೆಗಳು ಒಂದೇ ಮೇಲ್ವರ್ಗಕ್ಕೆ ಹೋಗುತ್ತಿವೆ ಎಂಬ ಇನ್ನೊಂದು ಕೂಗಿಗೆ 1918ರ ಮಿಲ್ಲರ್ ಸಮಿತಿ ಉತ್ತರವಾಯಿತು. ಕಲಬುರಗಿ, ಬೀದರ್, ರಾಯಚೂರುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1919ರ ಮುಲ್ಕಿ ನಿಯಮಗಳು ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನನ್ನು, ಇಲ್ಲವೇ 15 ವರ್ಷ ಅಲ್ಲಿ ನೆಲೆಸಿದವನನ್ನು ಮುಲ್ಕಿ ಎಂದು ಒಪ್ಪಿದವು. 1980ರ ದಶಕದಲ್ಲಿ ಸರೋಜಿನಿ ಮಹಿಷಿ ವರದಿ ಕನ್ನಡಿಗ ಎಂದರೆ ಯಾರು ಎಂದು ಹೇಳುವಾಗಲೂ 15 ವರ್ಷದ ವಾಸವನ್ನು, ಅದರೊಡನೆ ಕನ್ನಡದ ಅರಿವನ್ನು ಮುಂದಿಟ್ಟಿತು. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದ ಸ್ಥಳೀಯರ ಉದ್ಯೋಗ ಮಸೂದೆ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತ್ತು. ಅದರಲ್ಲೂ ಸ್ಥಳೀಯನಾಗಲು ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಬಲ್ಲವನಾಗಿರಬೇಕು. ಉದ್ಯಮಗಳ ವಿರೋಧದ ನಡುವೆ ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು.

1870ರ ಕಾಯ್ದೆಯ ಮಾತುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹುಟ್ಟು, ನೆಲೆ ಎರಡೂ ಆಗಲೂ ಇದ್ದವು, ಈಗಲೂ ಇವೆ. ನಡುವೆ ಹೊಸದಾಗಿ ಸೇರಿದ್ದು ಭಾಷೆ. ಹುಟ್ಟನ್ನು ಯಾರೂ ಆರಿಸಿಕೊಂಡು ಬರುವುದಿಲ್ಲ. ಭಾಷೆಯನ್ನು ಕಲಿಯಬಹುದು. ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಇಲ್ಲಿ ಕಟ್ಟಡ ಕಟ್ಟುತ್ತಿರುವ ಕೂಲಿಯವನ ಮಗು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಓದುತ್ತಿದ್ದರೆ, ಬೇರೆ ರಾಜ್ಯದ ಆಸ್ಪತ್ರೆಯಲ್ಲಿ ಹುಟ್ಟಿತು ಎಂಬ ಒಂದೇ ಕಾರಣಕ್ಕೆ ಅದು ಹೊರಗಿನದಾಗಬೇಕೇ? ಕಾಯ್ದೆ ಬರೆಯುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಒಂದು ಗುಣವಾಚಕದ ಅರ್ಥವನ್ನು ಗೊತ್ತುಮಾಡುವುದೆಂದರೆ ಯಾರಿಗೆ ಕುರ್ಚಿ, ಯಾರಿಗೆ ಬಾಗಿಲು ಎಂದು ಗೊತ್ತುಮಾಡಿದಂತೆಯೇ ಎಂಬುದನ್ನು ‘ನೇಟಿವ್’ ಎಂದು ಕರೆಸಿಕೊಂಡ ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ.